ಮುದಿ ಅರಸನನ್ನು ಬರೆದವರು ಯಾರು?

ದಾವೀದನಿಗೆ ಚಳಿ. ಹೊದಿಕೆಯ ಮೇಲೆ ಹೊದಿಕೆ ಹೇರಿದರೂ ಮೈ ಬೆಚ್ಚಗಾಗದು. ಕವಣೆಕಲ್ಲಿನಲ್ಲಿ ಗೊಲ್ಯಾತನನ್ನು ಕೆಡವಿದವನು, ಯೆರೂಸಲೇಮನ್ನು ಗೆದ್ದು ರಾಜಧಾನಿ ಮಾಡಿಕೊಂಡವನು, ಮಗ ಅಬ್ಷಾಲೋಮನೇ ತಿರುಗಿಬಿದ್ದಾಗ ಬರಿಗಾಲಲ್ಲಿ ಅಳುತ್ತ ಗುಡ್ಡ ಹತ್ತಿ ಹೋಗಿ ಮತ್ತೆ ಮರಳಿ ಬಂದವನು, ಈಗ ಹಾಸಿಗೆ ಹಿಡಿದಿದ್ದಾನೆ. ಸೇವಕರು ಒಂದು ಉಪಾಯ ಹೂಡುತ್ತಾರೆ. ದೇಶವೆಲ್ಲ ಹುಡುಕಿ ಶೂನೇಮಿನ ಅಬೀಷಗ್ ಎಂಬ ಚೆಲುವೆಯನ್ನು ತಂದು ಅರಸನ ಮಗ್ಗುಲಲ್ಲಿ ಮಲಗಿಸುತ್ತಾರೆ, ಮೈ ಬಿಸಿಯಾಗಲಿ ಎಂದು. ಅವಳು ಅವನ ಶುಶ್ರೂಷೆ ಮಾಡಿದಳು, ಅರಸ ಅವಳನ್ನು ಕೂಡಲಿಲ್ಲ. ಹಳೆಯ ಒಡಂಬಡಿಕೆಯ ಮೊದಲನೆಯ ಅರಸುಗಳು ಗ್ರಂಥ ಶುರುವಾಗುವುದೇ ಇಲ್ಲಿಂದ. ಒಂದು ರಾಜವಂಶದ ಚರಿತ್ರೆಯನ್ನು ಮುದುಕನ ತಣ್ಣಗಾದ ಮೈಯಿಂದ ಆರಂಭಿಸುವ ಎದೆಗಾರಿಕೆ ಲೋಕದ ಅರಮನೆ ಬರಹಗಳಲ್ಲಿ ತೀರ ಅಪರೂಪ.

ಈ ಚಳಿ ಬರಿಯ ವೈದ್ಯಕೀಯ ವಿವರವಲ್ಲ. ಅರಸನ ಮೈಯಲ್ಲಿ ಶಾಖ ಉಳಿದಿದೆಯೇ ಇಲ್ಲವೇ ಎಂಬುದು ಅರಮನೆಯ ಒಳಗಿನವರಿಗೆಲ್ಲ ಬೇಕಾಗಿದ್ದ ಸುದ್ದಿ. ಸುದ್ದಿ ಹೊರಬಿದ್ದದ್ದೇ ತಡ, ಬದುಕಿರುವ ಮಕ್ಕಳಲ್ಲಿ ಹಿರಿಯನಾದ ಅದೋನೀಯ ರಥ ಕಟ್ಟುತ್ತಾನೆ, ಮುಂದೆ ಓಡಲು ಐವತ್ತು ಜನರನ್ನು ಇಟ್ಟುಕೊಳ್ಳುತ್ತಾನೆ, ಏನ್‌ರೋಗೆಲ್ ಬುಗ್ಗೆಯ ಬಳಿ ಕುರಿ ಕೊಬ್ಬಿದ ಕರು ಕಡಿಸಿ ಊಟ ಹಾಕಿಸುತ್ತಾನೆ. ಹಳೆಯ ದಂಡನಾಯಕ ಯೋವಾಬ ಅವನ ಕಡೆ, ಯಾಜಕ ಎಬ್ಯಾತಾರನೂ ಅವನ ಕಡೆ. ಇತ್ತ ಪ್ರವಾದಿ ನಾತಾನ್ ದಾವೀದನ ಹೆಂಡತಿ ಬತ್ಷೆಬೆಯ ಬಳಿ ಬಂದು ಏನು ಹೇಳಬೇಕೆಂದು ಹೇಳಿಕೊಡುತ್ತಾನೆ: ನಿನ್ನ ಮಗ ಸೊಲೊಮೋನನಿಗೇ ಪಟ್ಟ ಎಂದು ಆಣೆಯಿಟ್ಟಿದ್ದೆಯಲ್ಲ ಎಂದು ಅರಸನಿಗೆ ನೆನಪು ಮಾಡು, ನೀನು ಮಾತಾಡುತ್ತಿರುವಾಗಲೇ ನಾನು ಒಳಗೆ ಬಂದು ಹೌದೆನ್ನುತ್ತೇನೆ. ಓದುಗ ಇಲ್ಲಿ ಒಂದು ಕ್ಷಣ ಹಿಂದಿನ ಪುಟಗಳನ್ನು ತಿರುವಬೇಕು. ದಾವೀದ ಹಾಗೆ ಆಣೆಯಿಟ್ಟದ್ದು ಸಮುವೇಲನ ಎರಡು ಗ್ರಂಥಗಳಲ್ಲಿ ಎಲ್ಲಿಯೂ ಇಲ್ಲ. ಇಟ್ಟಿದ್ದನೋ, ಮರೆತಿದ್ದನೋ, ಮರೆತನೆಂದು ನಂಬಿಸಿದರೋ, ನಿರೂಪಕ ಬಾಯಿ ಬಿಡುವುದಿಲ್ಲ. ಎಪ್ಪತ್ತರ ಮುದುಕ ಮಾತ್ರ ಹೌದು, ಆಣೆಯಿಟ್ಟಿದ್ದೆ ಎನ್ನುತ್ತಾನೆ. ಸೊಲೊಮೋನನನ್ನು ಅರಸನ ಹೇಸರಗತ್ತೆಯ ಮೇಲೆ ಕೂರಿಸಿ ಗೀಹೋನಿಗೆ ಕರೆದೊಯ್ದು ಎಣ್ಣೆ ಹೊಯ್ದು ಕೊಂಬು ಊದಿಸುತ್ತಾರೆ. ಊಟಕ್ಕೆ ಕೂತಿದ್ದ ಅದೋನೀಯನ ನೆಂಟರು ಎಲೆ ಬಿಟ್ಟು ಎದ್ದು ಓಡುತ್ತಾರೆ.

ಸಮುವೇಲನ ಎರಡನೆಯ ಗ್ರಂಥದ ಹಿಂಭಾಗ ಮತ್ತು ಅರಸುಗಳು ಗ್ರಂಥದ ಮೊದಲೆರಡು ಅಧ್ಯಾಯಗಳನ್ನು ಕೂಡಿಸಿ, ಇದು ಉತ್ತರಾಧಿಕಾರದ ಒಂದೇ ಕಥನ ಎಂದು ಜರ್ಮನಿಯ ಲಿಯೊನ್‌ಹಾರ್ಡ್ ರೋಸ್ಟ್ 1926ರಲ್ಲಿ ವಾದಿಸಿದ. ಸೊಲೊಮೋನನ ಪರವಾಗಿ ಬರೆದದ್ದೋ ಅವನನ್ನು ಬಯಲಿಗೆಳೆಯಲು ಬರೆದದ್ದೋ ಎಂಬ ಜಗಳ ಆಮೇಲೆ ನಿಂತಿಲ್ಲ. ಆ ಜಗಳ ತೀರದಿರುವುದೇ ಈ ಬರಹದ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ. ಅರಮನೆಯ ಹೊಗಳುಭಟ್ಟನ ಕೈಯಲ್ಲಿ ಇಂಥ ಗೊಂದಲ ಹುಟ್ಟುವುದಿಲ್ಲ. ಇನ್ನೊಂದು ಸಂಗತಿಯೂ ಉಂಟು. ದಾವೀದ ಸೊಲೊಮೋನರು ನೆಡಿಸಿದ ಒಂದೇ ಒಂದು ಶಾಸನವೂ ಸಿಕ್ಕಿಲ್ಲ. 1993ರಲ್ಲಿ ತೆಲ್ ದಾನ್ ಎಂಬಲ್ಲಿ ಸಿಕ್ಕ ಒಡೆದ ಕಲ್ಲಿನಲ್ಲಿ ದಾವೀದನ ಮನೆತನದ ಹೆಸರು ಬರುತ್ತದೆ, ಆದರೆ ಅದನ್ನು ಬರೆಸಿದವನು ಆ ಮನೆತನವನ್ನು ಬಡಿದೆನೆಂದು ಕೊಚ್ಚಿಕೊಳ್ಳುವ ಅರಾಮ್ಯ ಅರಸ. ಅಲ್ಲಿ ಪುಸ್ತಕ ದಪ್ಪ, ಕಲ್ಲು ತೆಳು.

ನಮ್ಮ ಹಾಸನ ಸೀಮೆಯಲ್ಲಿ ಇದು ತಲೆಕೆಳಗು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿಳಿದು, ಹೊತ್ತು ಮುಳುಗುವ ಮುಂಚೆ ಹಳೇಬೀಡಿನ ಹೊಯ್ಸಳೇಶ್ವರದ ಮುಂದೆ ನಿಲ್ಲಬಹುದು. ಈ ಒಂದು ದಿನದ ದಾರಿಯಲ್ಲಿ ಮೌರ್ಯ, ಗಂಗ, ರಾಷ್ಟ್ರಕೂಟ, ಹೊಯ್ಸಳ, ನಾಲ್ಕು ವಂಶಗಳ ಅರಸರ ಸಾವು ಇದೆ. ಒಂದು ಐತಿಹ್ಯ, ಉಳಿದವು ಶಾಸನ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಗೆಂದೇ ಎಪಿಗ್ರಾಫಿಯಾ ಕರ್ನಾಟಿಕದ ಒಂದು ಸಂಪುಟ ತಂದರು. ಶ್ರವಣಬೆಳಗೊಳಕ್ಕೇ ಬೇರೆ ಸಂಪುಟ, ಅದನ್ನು ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 144ರಿಂದ 500ಕ್ಕೆ ಏರಿತು. ಇಷ್ಟು ಕಲ್ಲಿದ್ದೂ ಚಳಿಯಲ್ಲಿ ನಡುಗುವ ಒಬ್ಬ ಅರಸ ನಮಗೆ ಸಿಗುವುದಿಲ್ಲ. ಹಲ್ಲು ಬಿದ್ದವನು, ಕಣ್ಣು ಮಂಜಾದವನು, ಹೇಳಿದ್ದನ್ನೇ ಹೇಳುವವನು, ಮಗನ ಕೈಗೆ ಬೀಗದ ಕೈ ಕೊಡಲೋ ಬೇಡವೋ ಎಂದು ಹೊರಳಾಡುವವನು ಯಾರೂ ಇಲ್ಲ. ಹೊಯ್ಸಳ ಪ್ರಶಸ್ತಿಯಲ್ಲಿ ಅರಸ ಮಲೆಪರೊಳ್ ಗಂಡನಾಗಿ, ಗಿರಿದುರ್ಗಮಲ್ಲನಾಗಿ, ಶನಿವಾರಸಿದ್ಧಿಯಾಗಿ ಬರುತ್ತಾನೆ. ಹಾಗೆಯೇ ಉಳಿದು, ಒಂದು ದಿನ ಇದ್ದಕ್ಕಿದ್ದಂತೆ ಅವನ ಜಾಗದಲ್ಲಿ ಮಗನ ಹೆಸರು ಅದೇ ಬಿರುದುಗಳನ್ನು ತೊಟ್ಟು ನಿಂತಿರುತ್ತದೆ. ನಮ್ಮ ಕಡೆ ಸತ್ತ ತಾತನ ಹೆಸರಿನಲ್ಲೇ ಪಹಣಿ ಓಡುತ್ತಿರುವ ಹೊಲಗಳಿವೆಯಲ್ಲ, ಪೌತಿ ಖಾತೆ ಆಗದೆ, ಹಾಗೆ ಬಿರುದುಗಳು ಓಡುತ್ತಿರುತ್ತವೆ.

ಅರಸುಗಳು ಗ್ರಂಥದ ಲೆಕ್ಕ ಬೇರೆ. ಯೆಹೂದದ ಒಬ್ಬೊಬ್ಬ ಅರಸನಿಗೂ ಒಂದು ಖಾತೆ: ಪಟ್ಟಕ್ಕೆ ಬಂದಾಗ ವಯಸ್ಸೆಷ್ಟು, ಎಷ್ಟು ವರ್ಷ ಆಳಿದ, ತಾಯಿಯ ಹೆಸರೇನು, ದೇವರ ಕಣ್ಣಿಗೆ ಒಳ್ಳೆಯವನೋ ಕೆಟ್ಟವನೋ, ಕೊನೆಗೆ ಪಿತೃಗಳ ಬಳಿ ಸೇರಿದ. ಕೆಲವೊಮ್ಮೆ ಈ ಒಣ ಖಾತೆಯ ಅಂಚಿನಲ್ಲಿ ಒಂದು ಟಿಪ್ಪಣಿ ಇಣುಕುತ್ತದೆ. ಆಸ ಎಂಬ ಅರಸನಿಗೆ ಮುಪ್ಪಿನಲ್ಲಿ ಕಾಲಿನ ರೋಗ ಬಂತು. ಅಜರ್ಯನಿಗೆ ತೊನ್ನು ಹತ್ತಿ ಸಾಯುವವರೆಗೂ ಬೇರೆ ಮನೆಯಲ್ಲಿದ್ದ, ಅರಮನೆಯನ್ನು ಮಗ ನೋಡಿಕೊಂಡ. ಕಾಲುನೋವು ರಾಜ್ಯದ ಚರಿತ್ರೆಯಲ್ಲಿ ಒಂದು ಸಾಲಿಗೆ ಯೋಗ್ಯ ಎಂದು ಆ ಲೇಖಕನಿಗೆ ತೋರಿತ್ತು.

ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ ಗಂಗರ ಇಮ್ಮಡಿ ಮಾರಸಿಂಹನ ಶಾಸನವಿದೆ. ಗೆದ್ದ ಯುದ್ಧಗಳು, ಕಟ್ಟಿಸಿದ ಬಸದಿಗಳು, ರಾಷ್ಟ್ರಕೂಟ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿಸಿದ ಸಂಭ್ರಮ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಮಾತು ತಗ್ಗುತ್ತದೆ. ಅವನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಮುಡಿಪಿದ. ಸುಮಾರು 974. ಹಿಂದಿನ ವರ್ಷವಷ್ಟೇ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಡವಿದ್ದ, ಮಾರಸಿಂಹ ಹಿಡಿದ ಪಕ್ಷ ಸೋತಿತ್ತು. ನಾತಾನನಂತೆ ಇವನೂ ಪಟ್ಟ ಕಟ್ಟಿಸಲು ಹೊರಟವನು, ಆದರೆ ಇವನ ಸೊಲೊಮೋನ ಗೆಲ್ಲಲಿಲ್ಲ.

ಆ ಇಂದ್ರನ ಕಲ್ಲು ಅದೇ ಬೆಟ್ಟದ ಗಂಧವಾರಣ ಬಸದಿಯ ಬಳಿ ಇದೆ. 982ರ ಚೈತ್ರದಲ್ಲಿ ಅವನು ಆಹಾರ ತೊರೆದು ಸಾಯುವ ಸಲ್ಲೇಖನ ವ್ರತದಿಂದ ತೀರಿಕೊಂಡ. ಮುಮ್ಮಡಿ ಕೃಷ್ಣನ ಮೊಮ್ಮಗ, ರಾಷ್ಟ್ರಕೂಟರ ಮಾನ್ಯಖೇಟದ ಸಿಂಹಾಸನಕ್ಕೆ ಕೊನೆಯ ಹಕ್ಕುದಾರ. ಇಂಥವನ ಸಾವುಗಲ್ಲಿನಲ್ಲಿ ಕವಿ ಪದ್ಯದ ಮೇಲೆ ಪದ್ಯ ಬರೆದು ಹೊಗಳುವುದು ಯಾವುದನ್ನು? ಚೆಂಡಾಟವನ್ನು. ಕುದುರೆ ಏರಿ ಆಡುವ, ಇಂದಿನ ಪೋಲೋಗೆ ಹತ್ತಿರವಾದ ಆಟ ಎಂದು ವಿದ್ವಾಂಸರು ಓದಿದ್ದಾರೆ. ಚೆಂಡನ್ನು ಹೇಗೆ ತಿರುಗಿಸಿದ, ಹೇಗೆ ಎಡಬಲಕ್ಕೆ ಹೊರಳಿದ ಎಂಬ ಚಳಕದ ವರ್ಣನೆ. ಮೊದಲ ಸಲ ಓದುವವರಿಗೆ ಇದು ವಿಚಿತ್ರ ಎನಿಸುತ್ತದೆ. ಎರಡನೆಯ ಸಲ ಓದಿದಾಗ ಕವಿಯ ಕಷ್ಟ ಅರ್ಥವಾಗುತ್ತದೆ. ಆಳದ ಅರಸನ ಬಗ್ಗೆ ಗೆದ್ದ ಊರುಗಳ ಪಟ್ಟಿ ಕೊಡುವಂತಿಲ್ಲ, ಸೋತ ಊರುಗಳ ಪಟ್ಟಿ ಕೊಡುವ ರೂಢಿಯಿಲ್ಲ. ಉಳಿದದ್ದು ಮೈದಾನದಲ್ಲಿ ಕಂಡ ಹುಡುಗು ಚುರುಕು. ಹೀಗೆ ಆಹಾರ ತೊರೆದು ಸತ್ತ ಮನುಷ್ಯನ ಕಲ್ಲಿನಲ್ಲಿ ಅವನ ದೇಹದ ತಾರುಣ್ಯವೇ ತುಂಬಿಕೊಂಡಿದೆ. ಪ್ರಶಸ್ತಿಯ ವ್ಯಾಕರಣ ಸೋತ ಜಾಗದಲ್ಲೇ ನಿಜವಾದ ಕವಿತೆ ಹುಟ್ಟಿದ ಅಪರೂಪದ ಉದಾಹರಣೆ ಇದು, ಅದನ್ನು ಬರೆದವನಿಗೆ ಗೊತ್ತಿತ್ತೋ ಇಲ್ಲವೋ.

ಸಲ್ಲೇಖನದ ಬಗ್ಗೆ ಷ. ಶೆಟ್ಟರ್ ಇಡೀ ಬೆಟ್ಟವನ್ನೇ ಓದಿ ಎರಡು ಗ್ರಂಥ ಬರೆದರು. 2015ರಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆ ಎಂದು ಕರೆದಾಗ, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಾಗ, ನಮ್ಮ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆಯಾಯಿತು. ನನ್ನ ಕುತೂಹಲ ಅದರ ಒಂದು ಅಂಚಿನ ಮೇಲೆ ಮಾತ್ರ. ಸನ್ಯಾಸಿಗೆ, ಶ್ರಾವಕಿಗೆ ಅದು ಬದುಕಿನ ಪೂರ್ಣ ವಿರಾಮ ಇದ್ದೀತು. ಅರಸನಿಗೆ ಅದು ಉತ್ತರಾಧಿಕಾರದ ಕ್ರಮವೂ ಆಗಿತ್ತೇ, ಮುಪ್ಪು ಬಂತು, ಮಗನಿಗೆ ಬಿಟ್ಟೆ ಎಂದು ಹೊರಡುವ ದಾರಿ ಆಗಿತ್ತೇ ಎಂದು ನೋಡಿದರೆ, ಬೆಳಗೊಳದ ಕಲ್ಲುಗಳು ಹೌದೆನ್ನುವುದಿಲ್ಲ. ಭದ್ರಬಾಹು ಮುನಿಯ ಹಿಂದೆ ಬಂದ ಮೌರ್ಯ ಚಂದ್ರಗುಪ್ತ ಸಿಂಹಾಸನ ಬಿಟ್ಟು ಬಂದನೆಂಬುದು ಐತಿಹ್ಯ, ಅದಕ್ಕೂ ಹನ್ನೆರಡು ವರ್ಷದ ಬರಗಾಲದ ಹಿನ್ನೆಲೆ ಬೇಕಾಯಿತು. ಮಾರಸಿಂಹ, ಇಂದ್ರ ಇಬ್ಬರೂ ವ್ರತಕ್ಕೆ ಬಂದದ್ದು ರಾಜಕೀಯವಾಗಿ ಬಾಗಿಲು ಮುಚ್ಚಿದ ಮೇಲೆ. ಗೆಲ್ಲುತ್ತಿರುವ ಅರಸ ಬೆಟ್ಟ ಹತ್ತಿದ ಕಥೆ ಬೇಕೆಂದರೆ ಎದುರಿನ ದೊಡ್ಡಬೆಟ್ಟದ ಬಾಹುಬಲಿಯನ್ನೇ ನೋಡಬೇಕು. ಅಣ್ಣ ಭರತನನ್ನು ಗೆದ್ದೂ ಬಿಟ್ಟು ನಿಂತವನು ಅವನೊಬ್ಬ. ಅದು ಪುರಾಣ. ಅವನನ್ನು ಕಡೆಸಿದ ಚಾವುಂಡರಾಯ ಸಿಂಹಾಸನಕ್ಕೆ ಎಂದೂ ವಾರಸುದಾರನಲ್ಲದ ಮಂತ್ರಿ.

ಪುರಾಣ ಕಾವ್ಯಕ್ಕೆ ಬಂದರೆ ನಮ್ಮ ಕವಿಗಳು ಮುಪ್ಪಿಗೆ ಹೆದರಿದವರಲ್ಲ. ಪಂಪನ ಆದಿಪುರಾಣದಲ್ಲಿ ನೀಲಾಂಜನೆ ಕುಣಿಯುತ್ತಿದ್ದಂತೆಯೇ ಆಯುಸ್ಸು ತೀರಿ ಮಾಯವಾಗುತ್ತಾಳೆ. ಅದನ್ನು ಕಂಡ ವೃಷಭನಾಥ ಮಕ್ಕಳಿಗೆ ರಾಜ್ಯ ಹಂಚಿ ಹೊರಡುತ್ತಾನೆ. ಜನ್ನನ ಯಶೋಧರ ಚರಿತೆಯಲ್ಲಿ ಯಶೌಘ ರಾಜ ತನ್ನ ತಲೆಯಲ್ಲಿ ನರೆಗೂದಲು ಕಂಡು ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ನಡೆಯುತ್ತಾನೆ. ಒಂದು ಬಿಳಿ ಕೂದಲು, ಒಂದು ಸಿಂಹಾಸನ. ಜನ್ನ ಇದನ್ನು ಬರೆದು ಮುಗಿಸಿದ್ದು 1209ರಲ್ಲಿ. ಅವನಿಗೆ ಕವಿಚಕ್ರವರ್ತಿ ಎಂದು ಬಿರುದಿತ್ತವನು ಇಮ್ಮಡಿ ವೀರಬಲ್ಲಾಳ. ಈ ಬಲ್ಲಾಳ ತಂದೆ ಒಂದನೆಯ ನರಸಿಂಹ ಬದುಕಿರುವಾಗಲೇ ಬಂಡೆದ್ದವನು, 1173ರ ಜುಲೈಯಲ್ಲಿ ಪಟ್ಟಕ್ಕೆ ಬಂದವನು, ಜನ್ನ ಕಾವ್ಯ ಬರೆಯುವ ಹೊತ್ತಿಗೆ ಮೂವತ್ತಾರು ವರ್ಷ ಆಳಿದ್ದವನು, ಆಮೇಲೂ ಇನ್ನೊಂದು ದಶಕ ಬಿಡದವನು. ಅಬ್ಷಾಲೋಮ ಗೆದ್ದಿದ್ದರೆ ಹೇಗಿರುತ್ತಿತ್ತು ಎಂದು ಕೇಳುವವರಿಗೆ ಹಳೇಬೀಡೇ ಉತ್ತರ. ಬಲ್ಲಾಳನ ತಲೆ ನರೆತಿರಲೇಬೇಕು. ನರೆತ ತಲೆಯ ಅರಸನ ಓಲಗದಲ್ಲಿ ಕೂತು ನರೆಗೂದಲಿನ ಕಥೆ ಬರೆದ ಜನ್ನನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಆದರೆ ಕಥೆ ಉಜ್ಜಯಿನಿಯದು, ಅರಸ ಯಶೌಘ. ನಾತಾನನಿಗೆ ಒಬ್ಬ ಅನ್ಯಾಯಗಾರನ ಕಥೆ ಹೇಳಿ, ದಾವೀದನ ಮುಂದೆ ನಿಂತು ಆ ಮನುಷ್ಯ ನೀನೇ ಎನ್ನುವ ಹಕ್ಕಿತ್ತು. ಜನ್ನನಿಗೆ ಕನ್ನಡಿ ಹಿಡಿಯುವಷ್ಟಕ್ಕೆ ಮಾತ್ರ ಅಪ್ಪಣೆ.

1220ರಲ್ಲಿ ಆ ಬಲ್ಲಾಳ ಸತ್ತ. ಅವನ ಸಾವಿನ ಅತಿ ದೊಡ್ಡ ದಾಖಲೆ ಅವನ ಸಮಾಧಿಯಲ್ಲ, ಹೊಯ್ಸಳೇಶ್ವರದ ದಕ್ಷಿಣಕ್ಕೆ ನಿಂತಿರುವ ಒಂದು ಕಂಬ. ಪ್ರವಾಸಿಗರು ದೇವಾಲಯದ ಗೋಡೆ ನೋಡುತ್ತ ಇದನ್ನು ದಾಟಿ ಹೋಗುತ್ತಾರೆ. ಕಂಬದ ಮೈಯಲ್ಲಿ ಚಿಕ್ಕ ಚಿಕ್ಕ ಆಳುಗಳು ಕೈಯಲ್ಲಿ ಕತ್ತಿ ಹಿಡಿದು ತಮ್ಮ ತಲೆಯನ್ನೇ ತಾವು ಕಡಿದುಕೊಳ್ಳುತ್ತಿದ್ದಾರೆ. ಇದು ಕುವರ ಲಕ್ಷ್ಮನ ಗರುಡಗಂಬ. ದಂಡನಾಯಕ ಲಕ್ಷ್ಮನನ್ನು ಬಲ್ಲಾಳ ಮಗನಂತೆ ಬೆಳೆಸಿದ್ದ. ಒಡೆಯನೊಂದಿಗೆ ಸಾಯುವೆನೆಂದು ಭಾಷೆ ಕೊಟ್ಟಿದ್ದ ಅವನು ಹೆಂಡತಿ ಸುಗ್ಗಲದೇವಿಯೊಂದಿಗೆ, ಸಾವಿರ ಜನ ಜೊತೆಗಾರರೊಂದಿಗೆ ಸತ್ತನೆಂದು ಶಾಸನ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋದರೆ ಆನೆಯ ಮೇಲೆ ಗರುಡ ಕೂತ ಕಂಬಗಳಿವೆ. ಅಲ್ಲಿ ಒಂದೇ ಮನೆತನದವರು ತಲೆಮಾರಿನ ಮೇಲೆ ತಲೆಮಾರು, ಒಬ್ಬೊಬ್ಬ ಹೊಯ್ಸಳ ಅರಸನ ಜೊತೆ ಒಬ್ಬೊಬ್ಬರಂತೆ, ಹೆಂಡಂದಿರನ್ನೂ ಆಳುಗಳನ್ನೂ ಕೂಡಿಕೊಂಡು ಸಾಯುತ್ತ ಬಂದರು. ಸಿಂಹಾಸನಕ್ಕೆ ವಾರಸುದಾರರಿದ್ದಂತೆ ಸಾವಿಗೂ ವಾರಸುದಾರರು.

ಒಡೆಯನೊಂದಿಗೆ ಸಾಯುವ ಈ ಗರುಡ ಪದ್ಧತಿಯನ್ನು ಸ್ವಾಮಿನಿಷ್ಠೆಯ ತುತ್ತತುದಿ ಎಂದು ಹೊಗಳುವುದು ನಮ್ಮಲ್ಲಿ ರೂಢಿ. ಪಠ್ಯಪುಸ್ತಕ, ಪ್ರವಾಸಿ ಮಾರ್ಗದರ್ಶಿ, ವೇದಿಕೆ ಭಾಷಣ ಎಲ್ಲದರಲ್ಲೂ ಅದೇ ರಾಗ. ಅರಸುಗಳು ಗ್ರಂಥದ ಎರಡನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಬೇಕೆನ್ನುವುದು ನನ್ನ ವಾದ. ಸಾಯುವ ದಾವೀದ ಮಗನಿಗೆ ಹೇಳುವ ಕೊನೆಯ ಮಾತುಗಳಲ್ಲಿ ದೇವರ ಧರ್ಮಶಾಸ್ತ್ರ ಮೊದಲು ಬರುತ್ತದೆ, ಆಮೇಲೆ ಕೊಲ್ಲಬೇಕಾದವರ ಪಟ್ಟಿ. ಯೋವಾಬನ ನರೆತ ತಲೆ ಸಮಾಧಾನದಲ್ಲಿ ಪಾತಾಳಕ್ಕೆ ಇಳಿಯದಿರಲಿ. ನನ್ನನ್ನು ಶಪಿಸಿದ ಶಿಮ್ಮಿಯನ್ನೂ ಬಿಡಬೇಡ. ಸೊಲೊಮೋನ ಕೊಲ್ಲಲು ತನ್ನ ಆಳು ಬೆನಾಯನನ್ನು ಕಳಿಸುತ್ತಾನೆ. ಅದೋನೀಯ ಸತ್ತ, ಅಬೀಷಗಳನ್ನು ಹೆಂಡತಿಯಾಗಿ ಕೇಳಿದ್ದೇ ನೆಪವಾಯಿತು. ಯೋವಾಬ ಬಲಿಪೀಠದ ಕೊಂಬು ಹಿಡಿದು ನಿಂತಿದ್ದಾಗಲೇ ಸತ್ತ. ಎಬ್ಯಾತಾರನನ್ನು ಅನಾತೋತಿಗೆ ಅಟ್ಟಿದರು. ಹಳೆಯ ಅರಸನ ಆಪ್ತರನ್ನು ಹೊಸ ಅರಸ ಏನು ಮಾಡಬೇಕು ಎಂಬುದು ಎಲ್ಲ ಉತ್ತರಾಧಿಕಾರದ ಕಷ್ಟದ ಪ್ರಶ್ನೆ. ಅವರಿಗೆ ಗುಟ್ಟು ಗೊತ್ತು, ಸೈನ್ಯ ಗೊತ್ತು, ಮಗುವಾಗಿದ್ದ ಹೊಸ ಅರಸನೂ ಗೊತ್ತು. ಯೆರೂಸಲೇಮು ಅದನ್ನು ಕತ್ತಿಯಿಂದ ಬಗೆಹರಿಸಿತು, ಕೈಗೆ ರಕ್ತ ಹತ್ತಿದ್ದನ್ನು ಪುಸ್ತಕದಲ್ಲಿ ಬರೆಯಿತು.

ಇಂದಿನ ಹಳೇಬೀಡಾದ ದೋರಸಮುದ್ರದಲ್ಲಿ ಬಲ್ಲಾಳನ ಮಗ ಇಮ್ಮಡಿ ನರಸಿಂಹ ಪಟ್ಟ ಏರಿದಾಗ, ತಂದೆ ಮಗನಂತೆ ಬೆಳೆಸಿದ್ದ ಒಬ್ಬ ಬಲಿಷ್ಠ ದಂಡನಾಯಕ, ಅವನಿಗೇ ನಿಷ್ಠರಾದ ಸಾವಿರ ಆಳುಗಳು ಇನ್ನಿಲ್ಲ. ಯಾರೂ ಅವರನ್ನು ಕೊಲ್ಲಲಿಲ್ಲ. ತಾವೇ ಕೊಯ್ದುಕೊಂಡರು. ಹೊಸ ಅರಸನ ಕೈ ಶುಭ್ರ, ದೇವಾಲಯದ ಪಕ್ಕದಲ್ಲಿ ಒಂದು ಕಂಬ. ಲಕ್ಷ್ಮನ ಭಕ್ತಿಯನ್ನು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾದಷ್ಟೂ ವ್ಯವಸ್ಥೆಗೆ ಹೆಚ್ಚು ಅನುಕೂಲ. ಯೋವಾಬ ಮಾಡಲೊಪ್ಪದ ಕೆಲಸವನ್ನು ಗರುಡನಿಂದ ಪ್ರೀತಿಯ ಹೆಸರಿನಲ್ಲಿ ಮಾಡಿಸಿಕೊಳ್ಳುವ ಪದ್ಧತಿ ಇದು. ಸುಗ್ಗಲದೇವಿಗೆ ಭಾಷೆ ಕೊಡುವ ಅವಕಾಶವಿತ್ತೋ, ಗಂಡನ ಭಾಷೆಯೇ ಅವಳ ಭಾಷೆಯಾಯಿತೋ, ಕಂಬದ ಕವಿ ಆ ಪ್ರಶ್ನೆಯನ್ನೇ ಎತ್ತುವುದಿಲ್ಲ. ಇಲ್ಲಿ ಬೈಬಲಿನ ಲೇಖಕನಿಗೂ ಮಾಫಿ ಇಲ್ಲ. ಮುದುಕನ ಮಗ್ಗುಲಿನಿಂದ ಅಣ್ಣತಮ್ಮಂದಿರ ಜಗಳದ ನಡುವಿಗೆ ಬಿದ್ದ ಅಬೀಷಗಳಿಗೆ ಅವನು ಒಂದು ಮಾತನ್ನೂ ಕೊಟ್ಟಿಲ್ಲ.

ಅರಮನೆಯವರೇ ಆದರೂ ಪಟ್ಟಕ್ಕೆ ಸಂಬಂಧವಿಲ್ಲದ ಜೀವದ ಮುಂದೆ ಮಾತ್ರ ನಮ್ಮ ಕಲ್ಲಿನ ಬಿಗಿ ಸಡಿಲುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲಾದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಹೇಗೆ ತೀರಿಕೊಂಡಳೆಂದು ಬೆಳಗೊಳದ ಶಾಸನ ವಿವರಿಸುವುದಿಲ್ಲ. ಬೆಟ್ಟದ ಮೇಲಿನ ಶಾಂತಲಾ ಡ್ರಾಪು, ಮಗನಿಲ್ಲದ ದುಃಖ ಇವೆಲ್ಲ ಐತಿಹ್ಯ ಮತ್ತು ಕಾದಂಬರಿಯ ಕೊಡುಗೆ. ಆ ಶಾಸನ ನಿಂತು ನೋಡುವುದು ಅವಳ ತಾಯಿ ಮಾಚಿಕಬ್ಬೆಯನ್ನು. ಮಗಳು ಹೋದ ಮೇಲೆ ಆಕೆ ಬೆಳಗೊಳಕ್ಕೆ ಬಂದಳು, ನೆಂಟರಿಷ್ಟರನ್ನು ಬೀಳ್ಕೊಂಡಳು, ಅರೆಮುಚ್ಚಿದ ಕಣ್ಣುಗಳಲ್ಲಿ ಪಂಚಪದಗಳನ್ನು ಉಚ್ಚರಿಸುತ್ತ ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಅರೆಮುಚ್ಚಿದ ಕಣ್ಣು! ಮಾರಸಿಂಹನ ಮೂರು ದಿನಗಳಲ್ಲಿ ಕಣ್ಣು, ಬಾಯಿ, ಮೈ ಯಾವುದೂ ಇಲ್ಲ. ಮಗಳನ್ನು ಕಳೆದುಕೊಂಡ ತಾಯಿಗೆ ಅದನ್ನು ಕೊಡಲು ಶಾಸನಕವಿಗೆ ಅಡ್ಡಿಯಾಗಲಿಲ್ಲ.

ಬೈಬಲಿನಲ್ಲೂ ಮುಪ್ಪಿನ ಅತ್ಯುತ್ತಮ ಮಾತು ಅರಸನದಲ್ಲ. ಓಡಿಹೋಗಿದ್ದ ದಾವೀದನಿಗೆ ಅನ್ನ ಹಾಕಿದ ಬರ್ಜಿಲ್ಲೈ ಎಂಬ ಗಿಲ್ಯಾದಿನ ಸಾಹುಕಾರನನ್ನು ದಾವೀದ ಯೆರೂಸಲೇಮಿಗೆ ಕರೆಯುತ್ತಾನೆ. ಎಂಬತ್ತು ವರ್ಷವಾಯಿತು ಸ್ವಾಮಿ, ಉಂಡದ್ದರ ರುಚಿ ತಿಳಿಯದು, ಹಾಡಿದ್ದು ಕೇಳದು, ನಿಮಗೇಕೆ ಹೊರೆಯಾಗಲಿ, ಅಪ್ಪ ಅಮ್ಮನ ಗೋರಿಯ ಬಳಿ ಸಾಯಲು ಬಿಡಿ, ಬೇಕಾದರೆ ನನ್ನ ಬದಲು ಕಿರಿಯ ಕಿಮ್ಹಾಮನನ್ನು ಕರೆದುಕೊಂಡು ಹೋಗಿ ಎಂಬ ಅರ್ಥದಲ್ಲಿ ಅವನು ಉತ್ತರಿಸುತ್ತಾನೆ. ಇಡೀ ಉತ್ತರಾಧಿಕಾರ ಕಥನದಲ್ಲಿ ಜಗಳವಿಲ್ಲದೆ ತನ್ನ ಜಾಗವನ್ನು ಕಿರಿಯನಿಗೆ ಬಿಟ್ಟುಕೊಟ್ಟ ಒಬ್ಬನೇ ಮನುಷ್ಯ ಇವನು.

ಹಾಗೆಂದು ಹೀಬ್ರೂ ಬರಹವೆಲ್ಲ ನಿಷ್ಠುರ, ಕನ್ನಡದ ಕಲ್ಲೆಲ್ಲ ಮುಖಸ್ತುತಿ ಎಂದು ಗೆರೆ ಎಳೆದರೆ ತಪ್ಪಾಗುತ್ತದೆ. ಅದೇ ಬೈಬಲಿನಲ್ಲಿ ಪೂರ್ವಕಾಲವೃತ್ತಾಂತ ಎಂಬ ಇನ್ನೊಂದು ಚರಿತ್ರೆಯಿದೆ. ಅಲ್ಲಿ ದಾವೀದನಿಗೆ ಚಳಿಯೇ ಆಗುವುದಿಲ್ಲ. ಅಬೀಷಗ್ ಇಲ್ಲ, ಅದೋನೀಯನ ಔತಣವಿಲ್ಲ, ಕೊಲೆಯ ಪಟ್ಟಿಯಿಲ್ಲ. ಅರಸ ಎದ್ದು ನಿಂತು ಸಭೆಯನ್ನುದ್ದೇಶಿಸಿ ಮಾತಾಡುತ್ತಾ ದೇವಾಲಯದ ನಕ್ಷೆಯನ್ನು ಮಗನ ಕೈಗಿಟ್ಟು, ದಿನ ತುಂಬಿ, ಐಶ್ವರ್ಯ ತುಂಬಿ, ಮಾನ ತುಂಬಿ ತೀರಿಕೊಳ್ಳುತ್ತಾನೆ. ಹೊಯ್ಸಳ ಶಾಸನಕವಿಗೆ ಇದನ್ನು ಕೊಟ್ಟಿದ್ದರೆ ಹೆಚ್ಚು ತಿದ್ದದೆ ಕಲ್ಲಿಗೆ ಇಳಿಸುತ್ತಿದ್ದ. ಎರಡನ್ನೂ ಒಂದೇ ಗ್ರಂಥದೊಳಗೆ ಉಳಿಸಿಕೊಂಡದ್ದು ಆ ಪರಂಪರೆಯ ಭಾಗ್ಯ. ನಮಗೆ ಉಳಿದದ್ದು ಎರಡನೆಯ ಬಗೆ ಮಾತ್ರ.

ಎಳೆಯ ಅರಸರ ವಿಷಯ ಬೇಗ ಹೇಳಿ ಮುಗಿಸಬಹುದು. ವಿಷ್ಣುವರ್ಧನನಿಗೆ ತಡವಾಗಿ ಹುಟ್ಟಿದ ಒಂದನೆಯ ನರಸಿಂಹನಿಗೆ ಹುಟ್ಟಿದ ದಿನವೇ ಪಟ್ಟ ಎಂದು ಶಾಸನಗಳು ಸಂಭ್ರಮಿಸುತ್ತವೆ. ಅದು ಸಂಭ್ರಮಕ್ಕಿಂತ ಮುದಿ ಅಪ್ಪನ ಆತಂಕ ಎಂದು ಬಿಡಿಸಿ ಹೇಳಬೇಕಿಲ್ಲ. ಯೆಹೂದದ ಅರಸ ಹಿಜ್ಕೀಯನ ಕಥೆ ಇದರ ಇನ್ನೊಂದು ಮುಖ. ಸಾಯುತ್ತೀಯೆ ಎಂದು ಪ್ರವಾದಿ ಹೇಳಿದಾಗ ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಹದಿನೈದು ವರ್ಷ ಹೆಚ್ಚುವರಿ ಪಡೆದ. ಅವನು ಸತ್ತಾಗ ಪಟ್ಟಕ್ಕೆ ಬಂದ ಮಗ ಮನಸ್ಸೆಗೆ ಹನ್ನೆರಡು ವರ್ಷ. ಲೆಕ್ಕ ಹಾಕಿದರೆ, ಬೇಡಿ ಪಡೆದ ಆ ಹದಿನೈದರೊಳಗೆ ಹುಟ್ಟಿದವನು. ಐವತ್ತೈದು ವರ್ಷ ಆಳಿದ ಅವನೇ ಆ ಗ್ರಂಥದ ಪ್ರಕಾರ ಯೆಹೂದದ ಅತಿ ಕೆಟ್ಟ ಅರಸ. ಲೇಖಕ ಎರಡು ಅಂಕಿ ಕೊಟ್ಟು ಸುಮ್ಮನಾಗುತ್ತಾನೆ. ಇನ್ನು ಹಿರಿಯರು ಜಾಗ ಬಿಟ್ಟುಕೊಡುವುದರ ಬಗ್ಗೆ ಹೊಳೆನರಸೀಪುರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2019ರಲ್ಲಿ ಎಚ್.ಡಿ. ದೇವೇಗೌಡರು ಹಾಸನ ಲೋಕಸಭಾ ಕ್ಷೇತ್ರವನ್ನು ಮೊಮ್ಮಗನಿಗೆ ಬಿಟ್ಟು ತುಮಕೂರಿಗೆ ಹೋಗಿ ನಿಂತದ್ದು, ಸೋತದ್ದು ಇಲ್ಲಿನ ಟೀ ಅಂಗಡಿಗಳಲ್ಲಿ ಇನ್ನೂ ಓಡುವ ಮಾತು.

ಸೊಲೊಮೋನನ ಮಗ ರೆಹಬ್ಬಾಮ ಹಿರಿಯರ ಬುದ್ಧಿಮಾತು ತಳ್ಳಿ ಜೊತೆಗಾರ ಹುಡುಗರ ಮಾತು ಕೇಳಿ ರಾಜ್ಯ ಒಡೆದುಕೊಂಡ. ಹೊಯ್ಸಳ ಸೋಮೇಶ್ವರ ಅದನ್ನು ಬದುಕಿರುವಾಗಲೇ, ಪಾಲು ಮಾಡುವ ಮನೆಯ ಯಜಮಾನನಂತೆ ಮಾಡಿದ. 1254ರ ಸುಮಾರಿಗೆ ದೋರಸಮುದ್ರದ ಕಡೆ ಮುಮ್ಮಡಿ ನರಸಿಂಹನಿಗೆ, ತಮಿಳು ಸೀಮೆ ರಾಮನಾಥನಿಗೆ. ತಾನು ಶ್ರೀರಂಗದ ಹತ್ತಿರದ ಕಣ್ಣಾನೂರನ್ನು ನೆಚ್ಚಿಕೊಂಡಿದ್ದ. ಅಣ್ಣತಮ್ಮ ಬಡಿದಾಡಿದರು. ಒಡೆದ ಮನೆಯನ್ನು ಮತ್ತೆ ಕೂಡಿಸಿದವನು ನರಸಿಂಹನ ಮಗ ಮುಮ್ಮಡಿ ಬಲ್ಲಾಳ. 1311ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫೂರನಿಗೆ ಮಣಿದ, ಮಗನನ್ನು ದೆಹಲಿಗೆ ಕಳಿಸಿ ಮರಳಿ ಪಡೆದ, ರಾಜಧಾನಿಯಿಂದ ರಾಜಧಾನಿಗೆ ಅಲೆದು ತಿರುವಣ್ಣಾಮಲೆಯಲ್ಲಿ ಬೀಡುಬಿಟ್ಟ, ಅರ್ಧ ಶತಮಾನ ಸಿಂಹಾಸನ ಬಿಡಲಿಲ್ಲ.

1342ರಲ್ಲಿ ಅವನು ಮಧುರೆಯ ಸುಲ್ತಾನನ ವಶದಲ್ಲಿದ್ದ ಕೊಪ್ಪಂ ಕೋಟೆಗೆ ಮುತ್ತಿಗೆ ಹಾಕಿದ. ಕೊಪ್ಪಂ ಎಂದರೆ ಅಜ್ಜ ಸೋಮೇಶ್ವರನ ಕಣ್ಣಾನೂರೇ. ಸುಲ್ತಾನ ಗಿಯಾಸುದ್ದೀನ್ ಹಠಾತ್ತನೆ ಮೇಲೆ ಬಿದ್ದ. ಇಬ್ನ್ ಬತೂತ ಬರೆದಿಟ್ಟ ಪ್ರಕಾರ ಎಂಬತ್ತು ವರ್ಷದ ಅರಸ ಕುದುರೆ ಏರಲು ಹೋಗುವಷ್ಟರಲ್ಲಿ ಸಿಕ್ಕಿಬಿದ್ದ, ಸುಲ್ತಾನನ ಸೋದರಳಿಯ ಅವನನ್ನು ಗುರುತಿಸದೆ ಇರಿಯಲು ಹೊರಟಿದ್ದ, ಯಾರೋ ಇವನೇ ಅರಸ ಎಂದು ತಡೆದರು. ಆನೆ, ಕುದುರೆ, ಹಣ ಎಲ್ಲ ಕಿತ್ತುಕೊಂಡ ಮೇಲೆ ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದರು. ಗೋಡೆಯ ಮೇಲೆ ಅದನ್ನು ತಾನು ಕಂಡೆನೆಂದು ಆ ಪ್ರವಾಸಿ ಹೇಳುತ್ತಾನೆ. ಕನ್ನಡದ ವೀರಗಲ್ಲು ತುರುಕರ ಮೇಲೆ ಕಾದಿ ಬಲ್ಲಾಳ ಸತ್ತ ತಿಥಿಯನ್ನು ಕೊಟ್ಟು ಸುಮ್ಮನಾಗುತ್ತದೆ. ಮರುವರ್ಷ ಮಗ ನಾಲ್ಕನೆಯ ಬಲ್ಲಾಳನಿಗೆ ಪಟ್ಟವಾಯಿತು. 1346ರ ಹೊತ್ತಿಗೆ ಅವನ ಸುಳಿವಿಲ್ಲ. ಆ ವರ್ಷ ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ಶೃಂಗೇರಿಯಲ್ಲಿ ವಿಜಯೋತ್ಸವ ಮಾಡಿ ದಾನ ಬಿಟ್ಟರು. ಎಂಬತ್ತು ಎಂಬ ಒಂದು ಅಂಕಿ, ಕುದುರೆ ಹತ್ತಲಾಗದ ಮೈ, ಇಷ್ಟನ್ನು ಹೊಯ್ಸಳ ವಂಶದ ಚರಿತ್ರೆಗೆ ಸೇರಿಸಿದವನು ಟ್ಯಾಂಜಿಯರಿನಿಂದ ಬಂದ ಪರದೇಶಿ. ಸಾಲದ್ದಕ್ಕೆ, ಬಲ್ಲಾಳನನ್ನು ಕೊಲ್ಲಿಸಿದ ಸುಲ್ತಾನನಿಗೆ ಅವನು ಷಡ್ಡಕ.